ನೂರಿಪ್ಪತ್ತು ಗಂಟೆಯ ಸರ್ಟಿಫಿಕೇಟಿಗೆ ತೆರೆಯುವ ಬಾಗಿಲು ಯಾವುದು?

"ಉಸ್ತಾದ್, ಇವತ್ತು ರಾತ್ರಿ ಹನ್ನೆರಡಕ್ಕೆ ಆಫರ್ ಮುಗಿಯುತ್ತಂತೆ. ಸೇರಲಾ, ಬೇಡವಾ?"

ಇಶಾ ನಮಾಝ್ ಮುಗಿಸಿ ಮನೆಗೆ ಬರುವಷ್ಟರಲ್ಲಿ ಭದ್ರಾವತಿಯಿಂದ ಬಂದ ಫೋನ್ ಇದು. ಹಿಂದೆ ಮದ್ರಸದಲ್ಲಿ ನನ್ನ ಹತ್ತಿರ ಓದಿದ ಹುಡುಗಿ, ಈಗ ಎರಡು ಮಕ್ಕಳ ಉಮ್ಮ. ಪಿಯುಸಿ ಆಗಿದೆ. ಮೂರು ವರ್ಷದಿಂದ ಒಂದು ಸಣ್ಣ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಪಾಠ ಮಾಡ್ತಾಳೆ. ಅವಳ ಮೊಬೈಲಿಗೆ ಬಂದ ಜಾಹೀರಾತು ಹೀಗಿತ್ತು: ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವ 120 ಗಂಟೆಗಳ ಆನ್‌ಲೈನ್ ಕೋರ್ಸ್, ಅಂತಾರಾಷ್ಟ್ರೀಯ ಮಾನ್ಯತೆ, ಮನೆಯಲ್ಲೇ ಕೂತು ವಿದೇಶದ ಮಕ್ಕಳಿಗೆ ಪಾಠ, ಗಲ್ಫ್‌ನಲ್ಲಿ ಉದ್ಯೋಗ. ಅಸಲಿ ಬೆಲೆ 45 ಸಾವಿರ, ಇವತ್ತು ಮಾತ್ರ 19 ಸಾವಿರ. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಂತು.

ಬಳೆ ಅಡ ಇಡುವ ಯೋಚನೆಯಲ್ಲಿದ್ದಳು. "ಇವತ್ತು ಬೇಡ" ಎಂದಷ್ಟೇ ಹೇಳಿದೆ. ಎರಡು ವಾರ ಅವರಿವರ ಹತ್ತಿರ ಕೇಳಿದೆ, ಓದಿದೆ. ಅವತ್ತು ರಾತ್ರಿ ಮುಗಿಯಬೇಕಿದ್ದ ಆ ಆಫರ್ ಎರಡು ವಾರದ ನಂತರವೂ ನಡೆಯುತ್ತಲೇ ಇತ್ತು ಎಂಬುದನ್ನೂ ಹೇಳಿಬಿಡುತ್ತೇನೆ.

ಇದು ಒಬ್ಬಳ ಕಥೆಯಲ್ಲ. ಶಿವಮೊಗ್ಗದ ಆರ್‌ಎಂಎಲ್ ನಗರದಲ್ಲಿ, ಟಿಪ್ಪು ನಗರದಲ್ಲಿ, ಭದ್ರಾವತಿಯ ಹಳೇನಗರದಲ್ಲಿ ಪಿಯುಸಿ ಅಥವಾ ಬಿ.ಎ. ಮುಗಿಸಿ ಮನೆಯಲ್ಲಿರುವ, ಇಲ್ಲವೇ ಹತ್ತಿರದ ಶಾಲೆಯಲ್ಲಿ ಅಲ್ಪ ಸಂಬಳಕ್ಕೆ ದುಡಿಯುವ ನಮ್ಮ ಹೆಣ್ಣುಮಕ್ಕಳು ಬಹಳ ಇದ್ದಾರೆ. ಭದ್ರಾವತಿಯ ಸ್ಥಿತಿ ಎಲ್ಲರಿಗೂ ಗೊತ್ತಿದ್ದದ್ದೇ. ಕಾಗದ ಕಾರ್ಖಾನೆ ನಿಂತು ಹತ್ತು ವರ್ಷ ಆಯಿತು. ಕಬ್ಬಿಣದ ಕಾರ್ಖಾನೆ ಮುಚ್ಚುವ ತೀರ್ಮಾನ 2023ರಲ್ಲಿ ಬಂತು, ಆಮೇಲೆ ಅರೆಬರೆ ಉಸಿರಾಟ. ಕಾರ್ಖಾನೆ ನಂಬಿದ ಊರಿನಲ್ಲಿ ವ್ಯಾಪಾರ ಇಳಿದಾಗ ಬ್ಯಾರಿಗಳ ಅಂಗಡಿಯೂ ಇಳಿಯುತ್ತದೆ. ಆಗ ಮನೆಯೊಳಗಿನ ಹೆಣ್ಣುಮಗಳ ಸಂಪಾದನೆಯ ಮಾತು ಬರುತ್ತದೆ. ಜಾಹೀರಾತು ಹಾಕುವವರು ಕಾಯುವುದು ಇದೇ ಹೊತ್ತಿಗೆ.

ಮೊದಲು ಆ "ಅಂತಾರಾಷ್ಟ್ರೀಯ ಮಾನ್ಯತೆ" ಏನೆಂದು ನೋಡೋಣ. ಇಂಗ್ಲಿಷ್ ಕಲಿಸುವ ಸರ್ಟಿಫಿಕೇಟುಗಳಿಗೆ ಇಡೀ ಜಗತ್ತೇ ಒಪ್ಪಿದ ಒಂದು ಮಾನ್ಯತಾ ಮಂಡಳಿ ಎಂಬುದೇ ಇಲ್ಲ. ಯಾರು ಬೇಕಾದರೂ ಒಂದು ಮಂಡಳಿ ಮಾಡಿಕೊಂಡು ಇನ್ನೊಬ್ಬರ ಕೋರ್ಸಿಗೆ ಮುದ್ರೆ ಒತ್ತಬಹುದು. ಉದ್ಯೋಗ ಕೊಡುವವರು ಹೆಚ್ಚಾಗಿ ಹೆಸರು ಹಿಡಿದು ಕೇಳುವುದು ಎರಡನ್ನು: ಕೇಂಬ್ರಿಜ್‌ನ ಸೆಲ್ಟಾ ಮತ್ತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಸರ್ಟ್-ಟೆಸಾಲ್. ಸೆಲ್ಟಾ ಕೂಡ 120 ಗಂಟೆಯದ್ದೇ. 120 ಎಂಬ ಅಂಕಿಗೆ ಮಾರುಕಟ್ಟೆಯಲ್ಲಿ ಇಷ್ಟು ಬೆಲೆ ಬಂದದ್ದು ಹೀಗೆ. ಆದರೆ ಸೆಲ್ಟಾದಲ್ಲಿ ಕಲಿಯುವವರು ನಿಜವಾದ ವಿದ್ಯಾರ್ಥಿಗಳಿಗೆ ಆರು ಗಂಟೆ ಪಾಠ ಮಾಡಲೇಬೇಕು. ತರಬೇತುದಾರರು ಕೂತು ನೋಡುತ್ತಾರೆ, ತಪ್ಪು ಹೇಳುತ್ತಾರೆ, ಅಂಕ ಕೊಡುತ್ತಾರೆ. ಟ್ರಿನಿಟಿಯದ್ದರಲ್ಲೂ ಆರು ಗಂಟೆ. ಈಗ ಆನ್‌ಲೈನ್‌ನಲ್ಲೂ ಸೆಲ್ಟಾ ಮಾಡಬಹುದು, ಅಲ್ಲೂ ಈ ಪಾಠದಿಂದ ವಿನಾಯಿತಿ ಇಲ್ಲ. ಖರ್ಚು ಮಾತ್ರ ಲಕ್ಷ ರೂಪಾಯಿ ದಾಟುತ್ತದೆ. ಸೇರುವ ಮೊದಲು ಸಂದರ್ಶನವೂ ಇದೆ, ಇಂಗ್ಲಿಷ್ ಚೆನ್ನಾಗಿಯೇ ಬರಬೇಕು.

ಅಗ್ಗದ ಕೋರ್ಸುಗಳಲ್ಲಿ ಸಾಮಾನ್ಯವಾಗಿ ಇರುವುದು ವಿಡಿಯೋ, ಓದುವ ಪುಟ, ಆಮೇಲೆ ಸರಿ ಉತ್ತರಕ್ಕೆ ಟಿಕ್ ಹಾಕುವ ಪರೀಕ್ಷೆ. ಕೆಲವದರ ಮೇಲೆ "ಲೆವೆಲ್ 5" ಎಂದು ಬರೆದಿರುತ್ತದೆ. ಸೆಲ್ಟಾ ಕೂಡ ಬ್ರಿಟನ್ನಿನ ಲೆಕ್ಕದಲ್ಲಿ ಲೆವೆಲ್ 5. ಹಾಗಂತ ಎರಡೂ ಒಂದೇ ಅಲ್ಲ, ಮಟ್ಟದ ನಂಬರ್ ಒಂದೇ ಇದ್ದರೂ ಮಕ್ಕಳ ಮುಂದೆ ನಿಂತು ಪಾಠ ಮಾಡುವ ಭಾಗ ಇಲ್ಲದಿರಬಹುದು.

ನಮ್ಮ ಕಡೆಯವರಿಗೆ ಇದನ್ನು ಅರ್ಥ ಮಾಡಿಸುವುದು ಸುಲಭ. ತಜ್ವೀದ್ ಕಲಿಯುವ ಮಗುವನ್ನು ನೋಡಿ. ಪುಸ್ತಕದಲ್ಲಿ ಎಲ್ಲಾ ಅಕ್ಷರಗಳ ಮಖ್‌ರಜ್ ಬರೆದಿದೆ, ಯೂಟ್ಯೂಬ್‌ನಲ್ಲಿ ದೊಡ್ಡ ದೊಡ್ಡ ಖಾರಿಗಳ ಓದೂ ಇದೆ. ಆದರೂ ಉಸ್ತಾದರ ಎದುರು ಕೂತು ಓದಿ, "ಇದು ಹಾ ಅಲ್ಲ, ಹ್ಹಾ, ಗಂಟಲಿನಿಂದ ತೆಗಿ" ಅಂತ ಹೇಳಿಸಿಕೊಳ್ಳದೆ ಯಾರಿಗೂ ಖುರ್‌ಆನ್ ಓದಲು ಬರಲ್ಲ. ಓದನ್ನು ಕೇಳದೆ ಇಜಾಝತ್ ಕೊಟ್ಟ ಉಸ್ತಾದರನ್ನು ನಾವು ಒಪ್ಪುತ್ತೇವಾ? ಕಲಿಸುವುದೂ ಹೀಗೇ ಒಂದು ಕೈಕೆಲಸ. ಯಾವ ಕೋರ್ಸಿಗೆ ಸೇರುವ ಮೊದಲೂ ಕೇಳಬೇಕಾದ ಮೊದಲ ಪ್ರಶ್ನೆ: ನಾನು ಪಾಠ ಮಾಡುವುದನ್ನು ಯಾರಾದರೂ ನೋಡಿ ತಿದ್ದುತ್ತಾರಾ? "ಇಲ್ಲ, ಆದರೆ ಸರ್ಟಿಫಿಕೇಟಿನ ಹಾರ್ಡ್ ಕಾಪಿ ಮನೆಗೆ ಕಳಿಸ್ತೇವೆ" ಎಂಬ ಉತ್ತರ ಬಂದರೆ ಫೋನ್ ಇಡಬಹುದು.

ಎರಡನೇ ಪ್ರಶ್ನೆ, ಎಲ್ಲಿ ಕಲಿಸಬೇಕು ಎಂಬುದು. ಗಲ್ಫ್ ಎಂದರೆ ನಮ್ಮವರ ಕಿವಿ ನೆಟ್ಟಗಾಗುತ್ತದೆ, ಪ್ರತಿ ಮನೆಯಲ್ಲೂ ಒಬ್ಬರಾದರೂ ದಮ್ಮಾಮ್, ದುಬೈ ನೋಡಿದವರಿದ್ದಾರೆ. ಆದರೆ ಅಲ್ಲಿನ ಭಾರತೀಯ ಶಾಲೆಗಳು ಸಾಮಾನ್ಯವಾಗಿ ಕೇಳುವುದು ಡಿಗ್ರಿ ಮತ್ತು ಬಿ.ಎಡ್. ದೃಢೀಕರಣದ ಮುದ್ರೆ ಬೀಳಬೇಕಾದದ್ದೂ ಡಿಗ್ರಿಯ ಮೇಲೆ. ಅಲ್ಲಿನ ಭಾಷಾ ತರಬೇತಿ ಕೇಂದ್ರಗಳಲ್ಲಿ ಹಲವು ಇಂಗ್ಲಿಷ್ ದೇಶಗಳ ಪಾಸ್‌ಪೋರ್ಟ್ ಇದ್ದವರಿಗೇ ಮೊದಲ ಮಣೆ ಹಾಕುತ್ತವೆ. ಇದು ಅನ್ಯಾಯವೇ, ಆದರೆ ಇರುವುದು ಹಾಗೆ. ಪಿಯುಸಿ ಮೇಲೆ ಒಂದು ಆನ್‌ಲೈನ್ ಸರ್ಟಿಫಿಕೇಟ್ ಇಟ್ಟುಕೊಂಡು ಅಲ್ಲಿ ಟೀಚರ್ ಆಗುವುದು ಬಹಳ ಕಷ್ಟ.

ಮನೆಯಲ್ಲಿ ಕೂತು ವಿದೇಶದ ಮಕ್ಕಳಿಗೆ ಪಾಠ ಎಂಬ ಮಾತು ಹಬ್ಬಿದ್ದು ಚೀನಾದಿಂದ. ಅಲ್ಲಿನ ಕಂಪನಿಗಳು ಲಕ್ಷಾಂತರ ಮಕ್ಕಳಿಗೆ ಆನ್‌ಲೈನ್ ಇಂಗ್ಲಿಷ್ ಕಲಿಸುತ್ತಿದ್ದವು. 2021ರ ಜುಲೈಯಲ್ಲಿ ಚೀನಾ ಸರ್ಕಾರ ಮಕ್ಕಳ ಟ್ಯೂಷನ್ ಮೇಲೆ ಕಡಿವಾಣ ಹಾಕಿತು, ಹೊರದೇಶದಲ್ಲಿ ಕೂತವರಿಂದ ಪಾಠ ಮಾಡಿಸುವುದನ್ನು ನಿಲ್ಲಿಸಿತು. ಆ ದೊಡ್ಡ ಮಾರುಕಟ್ಟೆ ಕುಸಿಯಿತು. ಜಾಹೀರಾತುಗಳು ಮಾತ್ರ ಹಳೆಯ ಕನಸನ್ನೇ ಮಾರುತ್ತಿವೆ.

ಹಾಗಾದರೆ ಇಲ್ಲಿಯೇ, ಶಿವಮೊಗ್ಗ-ಭದ್ರಾವತಿಯಲ್ಲೇ ಕಲಿಸುವುದಾದರೆ? ಇಲ್ಲಿ ಕಾನೂನಿನ ಮಾತು ಬರುತ್ತದೆ. ಒಂದರಿಂದ ಎಂಟನೇ ತರಗತಿವರೆಗೆ ಕಲಿಸುವವರಿಗೆ ಕನಿಷ್ಠ ಅರ್ಹತೆಯನ್ನು ಎನ್‌ಸಿಟಿಇ 2010ರಲ್ಲೇ ನಿಗದಿ ಮಾಡಿದೆ: ಡಿ.ಎಲ್.ಎಡ್ ಅಥವಾ ಬಿ.ಎಡ್‌ನಂಥ ಶಿಕ್ಷಕ ತರಬೇತಿ, ಜೊತೆಗೆ ಟಿಇಟಿ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಇನ್ನೂ ಬಿಗಿ ಮಾಡಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಇರುವ, ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರೂ ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು ಎಂದಿತು. ಆ ಪ್ರಕರಣದ ಹೆಸರಿನಲ್ಲಿರುವುದು ಮಹಾರಾಷ್ಟ್ರದ ಅಂಜುಮನ್ ಇಶಾಅತೆ ತಾಲೀಮ್ ಟ್ರಸ್ಟ್. ಅಲ್ಪಸಂಖ್ಯಾತ ಸಂಸ್ಥೆಗಳಿಗೆ 2014ರ ತೀರ್ಪು ಕೊಟ್ಟ ವಿನಾಯಿತಿ ಸರಿಯೇ ಎಂಬ ಪ್ರಶ್ನೆಯನ್ನು ದೊಡ್ಡ ಪೀಠ ನೋಡಬೇಕೆಂದು ಅದೇ ತೀರ್ಪು ಹೇಳಿದೆ. ನಮ್ಮವರ ಶಾಲೆಗಳು "ನಮಗೆ ಇದು ಅನ್ವಯಿಸಲ್ಲ" ಎಂದು ಬಹಳ ದಿನ ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಮುಂದೆ ಆ ವಿನಾಯಿತಿ ಹೋದರೆ ಮೊದಲು ಕೆಲಸ ಕಳೆದುಕೊಳ್ಳುವುದು ತರಬೇತಿ ಇಲ್ಲದ, ಕಡಿಮೆ ಸಂಬಳದ ಈ ಹೆಣ್ಣುಮಕ್ಕಳೇ. 120 ಗಂಟೆಯ ಯಾವ ಸರ್ಟಿಫಿಕೇಟೂ ಟಿಇಟಿ ಜಾಗದಲ್ಲಿ ನಿಲ್ಲಲಾರದು.

ಹಾಗೆಂದು ಇಂಗ್ಲಿಷ್ ಕಲಿಸುವ ತರಬೇತಿಯೇ ದಂಡ ಎಂದು ನಾನು ಹೇಳುವುದಿಲ್ಲ. ಬೇಕು, ನಮ್ಮ ಮಕ್ಕಳಿಗೆ ಬಹಳ ಬೇಕು. ನಮ್ಮ ಮಗು ಮನೆಯಲ್ಲಿ ಬ್ಯಾರಿ ಮಾತಾಡುತ್ತದೆ, ಶಿವಮೊಗ್ಗದ ಬೀದಿಯಲ್ಲಿ ಉರ್ದು, ಅಂಗಡಿಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ ಅಕ್ಷರ. ಇಂಗ್ಲಿಷ್ ಅದಕ್ಕೆ ಎರಡನೇ ಭಾಷೆ ಅಲ್ಲ, ಐದನೆಯದು! ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದು ಹದಿನೈದು ವರ್ಷ ದಾಟಿತು, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮವನ್ನೇ ಶುರು ಮಾಡಿದರು. ಮಗುವಿಗೆ ಬರುವ ನಾಲ್ಕು ಭಾಷೆಯನ್ನು ಬಳಸಿಕೊಂಡು ಐದನೆಯದನ್ನು ಕಲಿಸುವ ವಿದ್ಯೆ ಗೊತ್ತಿರುವ ಟೀಚರ್ ಎಷ್ಟು ಜನ? ಹೆಚ್ಚಿನ ಕಡೆ ನಡೆಯುವುದು ಬೋರ್ಡಿನಿಂದ ನೋಟ್ಸ್ ಇಳಿಸುವ ಕೆಲಸ. ಬ್ಯಾರಿ ಬಲ್ಲ ಟೀಚರಮ್ಮ ಇದನ್ನು ಕಲಿತರೆ ಲಂಡನ್ನಿನವರಿಗಿಂತ ಚೆನ್ನಾಗಿ ನಮ್ಮ ಮಕ್ಕಳಿಗೆ ಕಲಿಸಬಲ್ಲಳು.

ಅದಕ್ಕೆ ದಾರಿಗಳು ನಮ್ಮ ದೇಶದಲ್ಲೇ ಇವೆ, ಜಾಹೀರಾತು ಮಾತ್ರ ಕಡಿಮೆ. ಇಗ್ನೋದಲ್ಲಿ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವುದಕ್ಕೇ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಇದೆ. ಡಿಗ್ರಿ ಇದ್ದವರಿಗೆ ಸರಿ, ಪಿಯುಸಿ ಜೊತೆ ಎರಡು ವರ್ಷ ಪಾಠ ಮಾಡಿದ ಅನುಭವ ಇದ್ದವರಿಗೂ ಅವಕಾಶ ಇಟ್ಟಿದ್ದಾರೆ. ಶುಲ್ಕ ಕೆಲವೇ ಸಾವಿರ. ಸೇರುವ ಮೊದಲು ಆ ವರ್ಷದ ಪ್ರಾಸ್ಪೆಕ್ಟಸ್ ನೋಡಿ ಖಚಿತ ಮಾಡಿಕೊಳ್ಳಿ. ಹೆಚ್ಚು ಓದಿದವರಿಗೆ ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ ಇದೆ, 1958ರಲ್ಲಿ ಇದೇ ಕೆಲಸಕ್ಕೆಂದು ಹುಟ್ಟಿದ ಸಂಸ್ಥೆ ಅದು. ಬೆಂಗಳೂರಿನ ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಸರ್ಕಾರಿ ಶಿಕ್ಷಕರನ್ನು ಕೇಳಿ ನೋಡಿ, ಅಲ್ಲಿಗೆ ಹೋಗಿ ಬಂದವರು ಸಿಗುತ್ತಾರೆ. ದುಡ್ಡೇ ಇಲ್ಲದವರು ಕೇಂದ್ರ ಸರ್ಕಾರದ ಸ್ವಯಂ, ಬ್ರಿಟಿಷ್ ಕೌನ್ಸಿಲ್‌ನ ಶಿಕ್ಷಕರ ಉಚಿತ ಕೋರ್ಸುಗಳಿಂದ ಶುರು ಮಾಡಬಹುದು. ವಿಡಿಯೋ ನೋಡುವುದೇ ಆದರೆ ಪುಕ್ಕಟೆ ನೋಡಿ.

ಡಿಗ್ರಿಯ ವಿಷಯದಲ್ಲಿ ಮಾತ್ರ ಯುಜಿಸಿಯ ದೂರಶಿಕ್ಷಣ ಪಟ್ಟಿಯಲ್ಲಿ ಆ ವರ್ಷಕ್ಕೆ, ಆ ಕೋರ್ಸಿಗೆ ಹೆಸರಿದೆಯೇ ನೋಡಲೇಬೇಕು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಮಾನ್ಯತೆ ಇಲ್ಲವೆಂದು 2015ರಲ್ಲಿ ಯುಜಿಸಿ ಹೇಳಿದಾಗ ಎಷ್ಟು ಮನೆಗಳಲ್ಲಿ ಕಣ್ಣೀರಾಯಿತು ನೆನಪಿದೆಯಲ್ಲ? 2018ರಲ್ಲಿ ಮಾನ್ಯತೆ ಮತ್ತೆ ಬಂತು, ನಡುವಿನ ವರ್ಷಗಳು ವಾಪಸ್ ಬರಲಿಲ್ಲ. ಸರ್ಕಾರಿ ವಿಶ್ವವಿದ್ಯಾಲಯದ್ದೇ ಹೀಗಾದರೆ ಮೊಬೈಲ್‌ನಲ್ಲಿ ಹುಟ್ಟಿದ ಕಂಪನಿಯ ಗತಿ ಏನು?

ಇನ್ನು ಕಂತಿನ ಮಾತು. "ಬಡ್ಡಿ ಇಲ್ಲದ ಇಎಂಐ" ಎನ್ನುತ್ತಾರೆ. ಕೆಳಗೆ ಸಣ್ಣ ಅಕ್ಷರದಲ್ಲಿ ಓದಿದರೆ ಅನೇಕ ಸಲ ಅದು ಕೋರ್ಸಿನವರಿಗೆ ಕೊಡುವ ಕಂತಲ್ಲ, ಬೇರೊಂದು ಫೈನಾನ್ಸ್ ಕಂಪನಿಯಿಂದ ನಿಮ್ಮ ಹೆಸರಿನಲ್ಲಿ ತೆಗೆದ ಸಾಲ. ಕೋರ್ಸ್ ಅರ್ಧಕ್ಕೆ ಬಿಟ್ಟರೂ ಸಾಲ ಬಿಡಲ್ಲ. ಒಂದು ಕಂತು ತಪ್ಪಿದರೆ ದಂಡ. ಬಡ್ಡಿ ಬೇಡ ಎಂದು ಬ್ಯಾಂಕಿನ ಠೇವಣಿಯನ್ನೂ ಇಡದ ಮನೆಗಳು ಮಗಳ ಹೆಸರಿನಲ್ಲಿ ಗೊತ್ತಿಲ್ಲದೆ ಇದಕ್ಕೆ ಸಹಿ ಹಾಕುತ್ತಿವೆ. ಓಟಿಪಿ ಹೇಳಿದರೆ ಸಹಿ ಹಾಕಿದಂತೆಯೇ. ಮೋಸ ಎನಿಸಿದರೆ ಗ್ರಾಹಕ ಸಹಾಯವಾಣಿ 1915, ಹಣ ಆನ್‌ಲೈನ್‌ನಲ್ಲಿ ಹೋಗಿದ್ದರೆ ತಡ ಮಾಡದೆ 1930.

ನಮ್ಮ ಜಮಾಅತ್‌ಗಳ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ಮದುವೆಗೆ ಸಹಾಯ ಮಾಡುತ್ತೇವೆ, ಆಸ್ಪತ್ರೆಗೆ ಮಾಡುತ್ತೇವೆ. ಡಿ.ಎಲ್.ಎಡ್ ಓದುವ ಹುಡುಗಿಗೆ ಎರಡು ವರ್ಷದ ಫೀಸು ಎಂದರೆ ಕಮಿಟಿಯಲ್ಲಿ ಚರ್ಚೆ ಶುರು. ಸಂಜೆ ಮದ್ರಸದ ಕೋಣೆಗಳು ಖಾಲಿ ಇರುತ್ತವೆ. ಅಲ್ಲಿ ನಮ್ಮದೇ ಟೀಚರಮ್ಮಂದಿರು ವಾರಕ್ಕೆರಡು ದಿನ ಮಕ್ಕಳಿಗೆ ಇಂಗ್ಲಿಷ್ ಪಾಠ ಮಾಡಲಿ, ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಹಿಂದೆ ಕೂತು ನೋಡಿ ತಿದ್ದಲಿ. ಆ ಆರು ಗಂಟೆಗೆ ಬೇರೆಡೆ ಲಕ್ಷ ರೂಪಾಯಿ ಕೊಡುತ್ತಾರೆ. ಸರ್ಟಿಫಿಕೇಟ್ ಸಿಗದು, ನಿಜ. ಕಲಿಸುವುದು ಬರುತ್ತದೆ.

ಭದ್ರಾವತಿಯ ಹುಡುಗಿಗೆ ಇದನ್ನೆಲ್ಲ ಹೇಳಿದೆ. ಬಳೆ ಕೈಯಲ್ಲೇ ಇದೆ. ಇಗ್ನೋ ಅರ್ಜಿಗೆ ಮೂರು ವರ್ಷದ ಅನುಭವ ಪತ್ರ ಬೇಕಲ್ಲ, ಶಾಲೆಯಲ್ಲಿ ಕೇಳಿದ್ದಾಳೆ. "ಪರೀಕ್ಷೆ ಮುಗಿಯಲಿ, ಕೊಡೋಣ" ಅಂದಿದ್ದಾರಂತೆ. ಕೊಟ್ಟರೆ ಎಲ್ಲಿ ಕೆಲಸ ಬಿಡ್ತಾಳೋ ಎಂಬ ಅನುಮಾನ ಅವರಿಗೆ. ಮುಂದಿನ ವಾರ ಅವಳ ಗಂಡನ ಜೊತೆ ನಾನೂ ಹೋಗಿ ಮಾತಾಡಿ ಬರಬೇಕು ಅಂತಿದ್ದೇನೆ.