ವೆನಿಸ್‌ಗೆ ಬೇಕಿರುವುದು ಟಿಕೆಟ್ ಅಲ್ಲ, ಮನೆ

ನವೆಂಬರ್ ಬಂತೆಂದರೆ ಯುರೋಪಿನ ಕನ್ನಡ ಕೂಟಗಳಲ್ಲಿ ರಾಜ್ಯೋತ್ಸವದ ಊಟದ ಜೊತೆಗೇ ಇನ್ನೊಂದು ಮಾತು ಶುರುವಾಗುತ್ತದೆ: ಡಿಸೆಂಬರ್‌ನಲ್ಲಿ ಎಲ್ಲಿಗೆ? ಪ್ರಾಗ್, ಬ್ರೂಜ್, ಸ್ಟ್ರಾಸ್‌ಬರ್ಗ್, ವೆನಿಸ್. ವೆನಿಸ್ ಹೆಸರು ಬಂದ ಕೂಡಲೇ ಯಾರಾದರೊಬ್ಬರು ಸಿಡುಕುತ್ತಾರೆ, "ಊರೊಳಗೆ ಕಾಲಿಡೋಕೂ ದುಡ್ಡು ಕೇಳ್ತಾರಂತಲ್ರೀ!" ಪಕ್ಕದವರು ಸಮಾಧಾನ ಹೇಳುತ್ತಾರೆ, "ಚಳಿಗಾಲದಲ್ಲಿ ಅದೆಲ್ಲ ಇಲ್ಲ ಬಿಡಿ. ಜನ ಕಡಿಮೆ, ಮನೆ ಅಗ್ಗ. ಎರಡು ರಾತ್ರಿ ಇದ್ದು ಬನ್ನಿ." ಸಿಡುಕಿದವರ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ. ಸಮಾಧಾನ ಹೇಳಿದವರ ಮಾತಿನಲ್ಲಿ ದೊಡ್ಡ ತಪ್ಪಿದೆ.

ಮೊದಲು ಶುಲ್ಕದ ವಿಷಯ. ಮೇಯರ್ ಲುಯಿಜಿ ಬ್ರುನ್ಯಾರೊ ಅವರ ಆಡಳಿತ 2024ರ ಏಪ್ರಿಲ್ 25ರಿಂದ, ಬೆಳಿಗ್ಗೆ ಬಂದು ಸಂಜೆ ಹೋಗುವ ಪ್ರವಾಸಿಗರಿಗೆ 5 ಯೂರೊ ಶುಲ್ಕ ಹಾಕಿತು. ಆ ವರ್ಷ 29 ದಿನ, 2025ರಲ್ಲಿ 54 ದಿನ. 2025ರಿಂದ ತಡವಾಗಿ ನೋಂದಾಯಿಸಿದರೆ 10 ಯೂರೊ. ಎಲ್ಲವೂ ಏಪ್ರಿಲ್‌ನಿಂದ ಜುಲೈ ನಡುವಿನ ದಿನಗಳು. ಊರಲ್ಲೇ ರಾತ್ರಿ ತಂಗುವವರು ತಂಗುವ ತೆರಿಗೆ ಕಟ್ಟುತ್ತಾರೆ ಎಂಬ ಕಾರಣಕ್ಕೆ ಅವರಿಗೆ ಈ ಶುಲ್ಕ ಇಲ್ಲ. ಜಾರಿಯಾದ ಮೊದಲ ದಿನವೇ ಪಿಯಾತ್ಸಾಲೆ ರೋಮಾ ಚೌಕದಲ್ಲಿ ಪ್ರತಿಭಟನೆ ನಡೆಯಿತು. ಪ್ರತಿಭಟಿಸಿದವರು ಪ್ರವಾಸಿಗರಲ್ಲ, ವೆನಿಸ್‌ನ ನಿವಾಸಿಗಳು. ನಮ್ಮ ಊರನ್ನು ಟಿಕೆಟ್ ಇಟ್ಟ ಉದ್ಯಾನವನ ಮಾಡಬೇಡಿ, ನಮಗೆ ಬೇಕಿರುವುದು ಮನೆ ಮತ್ತು ಕೆಲಸ ಎಂಬುದು ಅವರ ವಾದವಾಗಿತ್ತು. ಅವರು ಹೇಳಿದ್ದು ಸರಿ.

ಈ ಶುಲ್ಕ ಲೆಕ್ಕ ಹಾಕುವುದು ರಸ್ತೆಯಲ್ಲಿ ನಡೆಯುವ ಕಾಲುಗಳನ್ನು. ವೆನಿಸ್ ಬರಿದಾಗುತ್ತಿರುವುದು ಹಾಸಿಗೆಗಳಿಂದ. 1951ರಲ್ಲಿ ಹಳೆಯ ನಗರದಲ್ಲಿ ಸುಮಾರು 1 ಲಕ್ಷ 75 ಸಾವಿರ ಜನ ವಾಸವಿದ್ದರು. 2022ರಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗಿಳಿಯಿತು. ಮರುವರ್ಷ ಊರಿನ ನಾಗರಿಕ ಸಂಘಟನೆಗಳು ಇನ್ನೊಂದು ಲೆಕ್ಕ ಮುಂದಿಟ್ಟವು: ಪ್ರವಾಸಿಗರ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ದಾಟಿದೆ. ರಿಯಾಲ್ಟೊ ಸೇತುವೆಯ ಹತ್ತಿರ, ಕಾಂಪೊ ಸಾನ್ ಬಾರ್ತೊಲೊಮಿಯೊದ ಔಷಧಿ ಅಂಗಡಿಯ ಕಿಟಕಿಯಲ್ಲಿ 2008ರಿಂದ ಒಂದು ಎಲೆಕ್ಟ್ರಾನಿಕ್ ಫಲಕವಿದೆ. ಊರಲ್ಲಿ ಎಷ್ಟು ಜನ ಉಳಿದಿದ್ದಾರೆ ಎಂಬುದನ್ನು ಕೆಂಪು ಅಂಕಿಗಳಲ್ಲಿ ತೋರಿಸುತ್ತದೆ. ಅದನ್ನು ಹಾಕಿದಾಗ ಸಂಖ್ಯೆ 60 ಸಾವಿರದ ಆಸುಪಾಸಿನಲ್ಲಿತ್ತು. ಇನ್ನೊಂದು ಚೌಕದ ಪುಸ್ತಕದಂಗಡಿಯಲ್ಲಿ ಹಾಸಿಗೆಗಳನ್ನು ಎಣಿಸುವ ಫಲಕ ಇಟ್ಟರು. ಬಾಡಿಗೆ ಫ್ಲ್ಯಾಟ್‌ನ ಕೀಲಿ ಹಿಡಿದು ಹೋಗುವವರು ಎರಡನ್ನೂ ಒಮ್ಮೆ ನಿಂತು ನೋಡಬೇಕು.

ಇನ್ನು ಚಳಿಗಾಲ. ನಾವು ಆಫ್ ಸೀಸನ್‌ನಲ್ಲಿ ಹೋಗುವವರು, ನಮ್ಮಿಂದ ತೊಂದರೆ ಇಲ್ಲ, ವ್ಯಾಪಾರಕ್ಕೆ ಸಹಾಯವೇ ಆಗುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಗಟ್ಟಿಯಾಗಿದೆ. ಲೆಕ್ಕ ಬೇರೆಯೇ ಇದೆ. ಬೇಸಿಗೆಯಲ್ಲಷ್ಟೇ ಪ್ರವಾಸಿಗರು ಬಂದು ಚಳಿಗಾಲ ಖಾಲಿ ಹೋಗುವಂತಿದ್ದರೆ, ಒಂದು ಫ್ಲ್ಯಾಟ್‌ನ ಮಾಲೀಕನಿಗೆ ವಿದ್ಯಾರ್ಥಿಗೋ ನರ್ಸಿಗೋ ವರ್ಷದ ಕರಾರಿಗೆ ಕೊಡುವುದೇ ಲಾಭ ಅನಿಸಬಹುದು. ಜುಲೈನ ಆದಾಯದಿಂದ ಜನವರಿಯ ಖಾಲಿ ತಿಂಗಳನ್ನು ಸರಿದೂಗಿಸುವ ಕಷ್ಟ ಅವನಿಗೂ ಇರುತ್ತಿತ್ತು. ಆ ಕಷ್ಟವನ್ನು ನಾವು ತೀರಿಸುತ್ತಿದ್ದೇವೆ. ಶುಕ್ರವಾರ ಸಂಜೆ ಅಗ್ಗದ ವಿಮಾನದಲ್ಲಿ ಹತ್ತಿರದ ಟ್ರೆವಿಸೊದಲ್ಲಿ ಇಳಿದು ಭಾನುವಾರ ರಾತ್ರಿ ಮರಳುವವರು ನವೆಂಬರ್, ಡಿಸೆಂಬರ್, ಕಾರ್ನಿವಾಲ್‌ನ ಫೆಬ್ರವರಿಯನ್ನು ತುಂಬಿಸಿಬಿಟ್ಟರೆ ವರ್ಷದ ಕರಾರಿನ ಬಾಡಿಗೆದಾರ ಯಾರಿಗೆ ಬೇಕು? ಜುಲೈನ ಗುಂಪು ಊರನ್ನು ಹಗಲು ಹೊತ್ತು ಕಿಕ್ಕಿರಿಸುತ್ತದೆ, ನಿಜ. ಆದರೆ ಒಂದು ಕುಟುಂಬವನ್ನು ಆಚೆ ದಡದ ಮೆಸ್ತ್ರೆಗೆ ಓಡಿಸುವುದರಲ್ಲಿ ಚಳಿಗಾಲದ ಎರಡು ರಾತ್ರಿಯ ಬುಕಿಂಗ್‌ನ ಪಾಲು ಅದಕ್ಕಿಂತ ದೊಡ್ಡದು.

ವೆನಿಸ್‌ನ ಹಳೆಯ ವಠಾರದ ಬಾಗಿಲಲ್ಲಿ ಹಿತ್ತಾಳೆಯ ಕರೆಗಂಟೆ ಫಲಕ ಇರುತ್ತದೆ, ಪ್ರತಿ ಗುಂಡಿಯ ಪಕ್ಕ ಒಂದು ಮನೆತನದ ಹೆಸರು. ಈಗ ಅಂಥ ಎಷ್ಟೋ ಫಲಕಗಳಲ್ಲಿ ಎರಡೋ ಮೂರೋ ಹೆಸರು ಉಳಿದಿವೆ. ಮಿಕ್ಕ ಗುಂಡಿಗಳ ಪಕ್ಕ ಬರೀ ನಂಬರು, ಅಥವಾ 'ಸೂಟ್' ಎಂದು ಕೊನೆಗೊಳ್ಳುವ ಯಾವುದೋ ಚಂದದ ಹೆಸರು. ಬಾಗಿಲ ಪಕ್ಕದ ಕಬ್ಬಿಣದ ಕಂಬಿಗೆ ನಂಬರ್ ಒತ್ತಿದರೆ ತೆರೆಯುವ ಕೀಲಿ ಡಬ್ಬಿ ತೂಗುಬಿದ್ದಿರುತ್ತದೆ. ಆ ಕಟ್ಟಡದ ಮೂರನೇ ಮಹಡಿಯಲ್ಲಿರುವ ಅಜ್ಜಿಗೆ ರಾತ್ರಿ ಎದೆ ನೋವು ಬಂದರೆ ಯಾರ ಬಾಗಿಲು ಬಡಿಯಬೇಕು? 2024ರ ನವೆಂಬರ್‌ನಲ್ಲಿ ಇಟಲಿಯ ಗೃಹ ಸಚಿವಾಲಯ, ಕೀಲಿ ಡಬ್ಬಿ ಸಾಲದು, ಬಾಡಿಗೆಗೆ ಕೊಡುವವರು ಅತಿಥಿಗಳನ್ನು ಮುಖತಃ ಕಂಡು ಗುರುತು ಖಚಿತಪಡಿಸಿಕೊಳ್ಳಬೇಕೆಂದು ಆದೇಶಿಸಿತು. ಭದ್ರತೆಯ ಕಾರಣಕ್ಕೆ ಬಂದ ಆದೇಶ ಅದು. ನೆರೆಹೊರೆ ಉಳಿಸುವ ಕಾನೂನು ಬೇರೆಯೇ ಬೇಕು.

ನೆರೆಹೊರೆ ಎಂದರೆ ಭಾವುಕತೆಯಲ್ಲ. 2019ರ ನವೆಂಬರ್ 12ರ ರಾತ್ರಿ ವೆನಿಸ್‌ನಲ್ಲಿ ಉಬ್ಬರದ ನೀರು 187 ಸೆಂಟಿಮೀಟರ್‌ಗೆ ಏರಿತು. 1966ರ 194 ಸೆಂಟಿಮೀಟರ್ ಬಿಟ್ಟರೆ ಅಷ್ಟು ಎತ್ತರಕ್ಕೆ ಎಂದೂ ಬಂದಿರಲಿಲ್ಲ. ಮರುದಿನದಿಂದ ರಬ್ಬರ್ ಬೂಟು ಹಾಕಿಕೊಂಡು ಗ್ರಂಥಾಲಯಗಳಲ್ಲಿ ಒದ್ದೆ ಪುಸ್ತಕ ಹೊತ್ತವರು, ಅಂಗಡಿಗಳ ಕೆಸರು ಬಾಚಿದವರು ಊರಿನ ಹುಡುಗ ಹುಡುಗಿಯರು, ವಿದ್ಯಾರ್ಥಿಗಳು. ಈಗ ಸಮುದ್ರಕ್ಕೆ ಮೋಸೆ ತಡೆಗೋಡೆ ಇದೆ, 2020ರ ಅಕ್ಟೋಬರ್‌ನಿಂದ ಕೆಲಸ ಮಾಡುತ್ತಿದೆ. ಆದರೆ ಕಾ ಫೊಸ್ಕಾರಿ ವಿಶ್ವವಿದ್ಯಾಲಯಕ್ಕೆ ಸೇರಿದ ಹುಡುಗಿ ದ್ವೀಪದಲ್ಲಿ ಒಂದು ಕೋಣೆ ಹುಡುಕಿ ಹುಡುಕಿ ಸೋಲುತ್ತಾಳೆ. ನೀರಿಗೆ ಅಷ್ಟು ದೊಡ್ಡ ಗೇಟು ಹಾಕಿ, ಊರಿನ ಮಕ್ಕಳಿಗೆ ಬಾಗಿಲು ಮುಚ್ಚುವುದು ಯಾವ ನ್ಯಾಯ?

ನಮ್ಮವರ ಒಂದು ಆಕ್ಷೇಪವನ್ನು ನಾನು ತಳ್ಳಿಹಾಕಲಾರೆ. ಸಸ್ಯಾಹಾರಿಗಳು, ಪುಟ್ಟ ಮಕ್ಕಳು, ಊರಿಂದ ಬಂದ ಅಪ್ಪ ಅಮ್ಮ. ರಾತ್ರಿ ಒಂದಿಷ್ಟು ಅನ್ನ ಸಾರು ಆಗಲೇಬೇಕು. ಅದಕ್ಕೆ ಅಡುಗೆಮನೆ ಬೇಕು, ಅದಕ್ಕೇ ಇಡೀ ಫ್ಲ್ಯಾಟು. ಹೋಟೆಲಿನಲ್ಲಿ ಎರಡು ರೂಮು ಹಿಡಿದರೆ ಖರ್ಚು ಕೈಮೀರುತ್ತದೆ. ಇದು ನಿಜವಾದ ಕಷ್ಟ. ಆದರೂ ದಾರಿ ಇದೆ. ಮನೆಯವರು ವಾಸವಿದ್ದು ಒಂದೆರಡು ಕೋಣೆ ಬಾಡಿಗೆಗೆ ಕೊಡುವ ಮನೆಗಳಿವೆ; ಕೆಲವರು ಅಡುಗೆಗೂ ಒಪ್ಪುತ್ತಾರೆ. ಪಾದುವಾದ ಹೋಟೆಲಿನಲ್ಲಿ ಇಳಿದುಕೊಂಡರೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಹೀಗೆ ಪಾದುವಾದಲ್ಲಿ ಇಳಿದುಕೊಂಡವರಿಗೆ ಬೇಸಿಗೆಯಲ್ಲಾದರೆ ವೆನಿಸ್ ನಗರಸಭೆ 5 ಯೂರೊ ಶುಲ್ಕ ಹಾಕುತ್ತದೆ, ಊರೊಳಗೆ ಇಡೀ ಫ್ಲ್ಯಾಟ್ ಹಿಡಿದವರನ್ನು ಬಿಟ್ಟುಬಿಡುತ್ತದೆ. ಈ ಶುಲ್ಕ ತಲೆಕೆಳಗಾಗಿದೆ ಎನ್ನಲು ಇನ್ನೇನು ಬೇಕು?

ಮುಳ್ಳಯ್ಯನಗಿರಿಗೆ ವಾಹನಗಳ ಸಂಖ್ಯೆಗೆ ಮಿತಿ ಹಾಕಿದಾಗ ನಮ್ಮ ಕೂಟಗಳಲ್ಲಿದ್ದ ಚಿಕ್ಕಮಗಳೂರಿನವರು ಸರಿಯಾಯಿತು ಎಂದರು. ಕೊಡಗಿನವರು ಬೆಂಗಳೂರಿನ ವಾರಾಂತ್ಯದ ಕಾರುಗಳ ಬಗ್ಗೆ ಆಡುವ ಮಾತು ನಮಗೆ ಚೆನ್ನಾಗಿ ಅರ್ಥವಾಗುತ್ತದೆ, ಏಕೆಂದರೆ ಅದು ನಮ್ಮ ಊರು. ಅದೇ ಮಾತನ್ನು ವೆನಿಸ್‌ನವರು ಆಡಿದರೆ ಅಹಂಕಾರ ಎನ್ನುವುದು ತರವಲ್ಲ.

ನಗರಸಭೆಗಳ ಕೈ ಕಟ್ಟಿಹಾಕಲಾಗಿದೆ ಎಂಬ ನೆಪವೂ ಉಳಿದಿಲ್ಲ. ಅಲ್ಪಾವಧಿ ಬಾಡಿಗೆ ಮನೆಗಳಿಗೆ ಮಿತಿ ಹಾಕುವ ವಿಶೇಷ ಅಧಿಕಾರವನ್ನು ಇಟಲಿಯ ಸಂಸತ್ತು 2022ರಲ್ಲೇ ವೆನಿಸ್‌ಗೆ ಕೊಟ್ಟಿದೆ. ಫ್ಲಾರೆನ್ಸ್ ತನ್ನ ಹಳೆಯ ನಗರದಲ್ಲಿ ಇಂಥ ಹೊಸ ಮನೆಗಳನ್ನು 2023ರಲ್ಲಿ ನಿಷೇಧಿಸಿತು. ಬಾರ್ಸೆಲೋನಾದ ಮೇಯರ್ ಜೌಮೆ ಕೊಲ್ಬೋನಿ ಇನ್ನೂ ಮುಂದೆ ಹೋಗಿ, ನಗರದ 10,101 ಪ್ರವಾಸಿ ಫ್ಲ್ಯಾಟ್‌ಗಳ ಪರವಾನಗಿಯನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲ ಎಂದು ಘೋಷಿಸಿದ್ದಾರೆ. ಅದಕ್ಕೆ ಆಧಾರವಾದ ಕಾನೂನನ್ನು ಸ್ಪೇನ್‌ನ ಸಾಂವಿಧಾನಿಕ ನ್ಯಾಯಾಲಯ 2025ರಲ್ಲಿ ಎತ್ತಿಹಿಡಿದಿದೆ. ವೆನಿಸ್ ಗೇಟಿನ ಟಿಕೆಟ್ ಬಿಟ್ಟು ಈ ದಾರಿ ಹಿಡಿಯಲಿ. ಇಡೀ ಮನೆಗಳ ಬಾಡಿಗೆಗೆ ವರ್ಷಕ್ಕೆ ಇಷ್ಟೇ ರಾತ್ರಿ ಎಂದು ಬಿಗಿಯಾಗಿ ಗೆರೆ ಎಳೆಯಲಿ, ಚಳಿಗಾಲಕ್ಕೂ ವಿನಾಯಿತಿ ಬೇಡ. ನಮ್ಮ ಕೂಟಗಳು ಕಾನೂನು ಬರುವ ತನಕ ಕಾಯಬೇಕಾಗಿಲ್ಲ. ಈ ಡಿಸೆಂಬರ್‌ನ ಬುಕಿಂಗ್‌ನಿಂದಲೇ 'ಇಡೀ ಮನೆ' ಎಂಬ ಆಯ್ಕೆಯನ್ನು ಬಿಡಬಹುದು.