ಹಾಡಿನೊಳಗಿನ ಘೋಷಣೆ

2025ರ ಜುಲೈ 5ರಂದು ಕ್ರೊವೇಷಿಯದ ಝಾಗ್ರೆಬ್ ನಗರದಲ್ಲಿ, ಥಾಂಪ್ಸನ್ ಎಂದೇ ಪ್ರಸಿದ್ಧರಾದ ಗಾಯಕ ಮಾರ್ಕೊ ಪೆರ್ಕೊವಿಚರ ಸಂಗೀತ ಕಾರ್ಯಕ್ರಮಕ್ಕೆ ಲಕ್ಷಾಂತರ ಜನ ಸೇರಿದ್ದರು. ಅವರ ಹಾಡೊಂದರ ಆರಂಭದ ಘೋಷಣೆ, 1941ರಿಂದ 1945ರವರೆಗೆ ನಾಝಿಗಳ ಬೆಂಬಲದಿಂದ ಆಳಿದ ಉಸ್ತಾಷರದು. ಜನಸ್ತೋಮವೂ ಅದಕ್ಕೆ ದನಿಗೂಡಿಸಿತು. ಉಸ್ತಾಷರ ಯಾಸೆನೊವಾಟ್ಸ್ ಶಿಬಿರದಲ್ಲಿ ಹತರಾದ ಸರ್ಬರು, ರೋಮಾ ಜನರು, ಯೆಹೂದ್ಯರು ಮೊದಲಾದವರಲ್ಲಿ 83,145 ಮಂದಿಯ ಹೆಸರುಗಳು ದಾಖಲಾಗಿವೆ.

ಕ್ರೊವೇಷಿಯದ ಬಹುಪಾಲು ಜನ ನಮ್ಮಂತೆಯೇ ಕಥೋಲಿಕರು. ಅದು 1990ರ ದಶಕದ ಸ್ವಾತಂತ್ರ್ಯ ಯುದ್ಧದ ಘೋಷಣೆಯೆಂಬುದು ಗಾಯಕರ ಸಮರ್ಥನೆ. ಆದರೆ ಮಾತಿನ ಅರ್ಥವನ್ನು ಆಡುವವನ ಉದ್ದೇಶವೊಂದೇ ನಿರ್ಧರಿಸದು. ಕೇಳುವವನ ಗಾಯವೂ ಅದರಲ್ಲಿ ಸೇರಿದೆ. ಅದೇ ಝಾಗ್ರೆಬಿನ ಮಹಾಧರ್ಮಾಧ್ಯಕ್ಷ ಸ್ಟೆಪಿನಾಟ್ಸ್ 1943ರಲ್ಲಿ ತಮ್ಮ ಪ್ರಬೋಧನೆಯಲ್ಲಿ ಜನಾಂಗದ್ವೇಷವನ್ನು ಖಂಡಿಸಿದ್ದರು.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ನಾವೂ ನಮ್ಮ ಮಕ್ಕಳು ಗುನುಗುವ ಹಾಡಿನ ಮಾತುಗಳನ್ನು ಗಮನಿಸೋಣ. ನೆರೆಮನೆಯವರ ಎದುರು ಅವನ್ನು ಹಾಡಬಲ್ಲೆವೇ?