ಆ ಅರ್ಧ ವಾಕ್ಯಕ್ಕೆ ನನ್ನ ಉತ್ತರ

ಯುಗಾದಿಯ ಮಾರನೆಯ ದಿನ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಈಗ ಒಳ್ಳೆಯ ಹುದ್ದೆಯಲ್ಲಿದ್ದಾನೆ. ನಾಲ್ಕು ಪುಸ್ತಕ ಓದಿಕೊಂಡವನು. ಹೋಳಿಗೆ ತಿನ್ನುತ್ತ, ನಾವು ಶಿಕಾಗೋ ಸಮೀಪದ ಮಗಳ ಮನೆಯಲ್ಲಿ ಕಳೆದು ಬಂದ ನಾಲ್ಕು ತಿಂಗಳ ಸುದ್ದಿ ವಿಚಾರಿಸಿದ. ಸರೋವರ, ಹಿಮ, ದೇವಸ್ಥಾನ ಎಲ್ಲವನ್ನೂ ಹೇಳಿದ ಮೇಲೆ, ಮೊಮ್ಮಗಳ ಜೊತೆ ಕುಳಿತು ಹೆಂಗಸರ ಕುಸ್ತಿಯ ಹಳೆಯ ಡಿವಿಡಿಗಳನ್ನು ನೋಡಿದ್ದನ್ನೂ ಹೇಳಿದೆ. ಅವನಿಗೆ ನಗು ತಡೆಯಲಾಗಲಿಲ್ಲ. "ಏನು ಮೇಷ್ಟ್ರೇ, ನೀವು ಅದನ್ನೆಲ್ಲ ನೋಡುವುದೇ! ಅದು ನಾಟಕವಲ್ಲವೇ? ಯಾರು ಗೆಲ್ಲಬೇಕೆಂದು ಮೊದಲೇ ಬರೆದಿಟ್ಟಿರುತ್ತಾರೆ. ಅದರಲ್ಲೂ ಹೆಂಗಸರದ್ದು ಅಂದರೆ..." ಎಂದು ವಾಕ್ಯವನ್ನು ಅಲ್ಲಿಗೇ ಬಿಟ್ಟ.

ಹಬ್ಬದ ಮನೆಯಲ್ಲಿ ವಾದ ಬೇಡವೆಂದು ಸುಮ್ಮನಾದೆ. ಆದರೆ ಮೂವತ್ತು ವರ್ಷ ಕನ್ನಡ ವ್ಯಾಕರಣ ಕಲಿಸಿದವನಿಗೆ ಕ್ರಿಯಾಪದವಿಲ್ಲದ ವಾಕ್ಯ ಕಿವಿಯಲ್ಲಿ ಚುಚ್ಚುತ್ತಲೇ ಇರುತ್ತದೆ. ಅವನು ನುಂಗಿಕೊಂಡ ಮಾತನ್ನು ನಾನು ಬಲ್ಲೆ. ನನ್ನ ಬಂಧುಗಳಲ್ಲಿ ಬಹುಮಂದಿ ಅದನ್ನು ನುಂಗದೆಯೇ ಆಡುತ್ತಾರೆ. ಹೀಗಾಗಿ ಇಂದು ಆ ಅರ್ಧ ವಾಕ್ಯಕ್ಕೆ ಪೂರ್ಣ ಉತ್ತರ ಕೊಡಲು ಕುಳಿತಿದ್ದೇನೆ.

ಮೊದಲು ನಾನು ನೋಡಿದ್ದು ಏನೆಂಬುದನ್ನು ಹೇಳಬೇಕು. ಶಿಕಾಗೋ ನಗರಕ್ಕೆ ಪಶ್ಚಿಮದಲ್ಲಿ ಅಂಟಿಕೊಂಡಂತೆ ಬರ್ವಿನ್ ಎಂಬ ಊರಿದೆ. ಅಲ್ಲಿನ ಈಗಲ್ಸ್ ಕ್ಲಬ್ ಎಂಬ ಸಂಘದ ಸಭಾಂಗಣದಲ್ಲಿ 2005ರ ನವೆಂಬರ್ 6ರಂದು 'ಶಿಮ್ಮರ್' ಎಂಬ ಹೆಸರಿನ, ಕೇವಲ ಮಹಿಳೆಯರ ವೃತ್ತಿಪರ ಕುಸ್ತಿ ಪ್ರದರ್ಶನ ಆರಂಭವಾಯಿತು. ಆರಂಭಿಸಿದವನು ಡೇವ್ ಪ್ರಜಾಕ್. ಜೊತೆಗೆ ನಿಂತವಳು ಸ್ವತಃ ಕುಸ್ತಿಗಾರ್ತಿಯಾಗಿದ್ದ ಆಲಿಸನ್ ಡೇಂಜರ್. ಹಿಂದೆ ದೊಡ್ಡ ಕಂಪನಿಯಿಲ್ಲ, ಟಿವಿ ವಾಹಿನಿಯಿಲ್ಲ. ಒಂದೇ ದಿನ ಎರಡು ಸಂಪುಟಕ್ಕಾಗುವಷ್ಟು ಪಂದ್ಯಗಳನ್ನು ಚಿತ್ರೀಕರಿಸಿ, 'ಸಂಪುಟ ಒಂದು, ಸಂಪುಟ ಎರಡು' ಎಂದು ಡಿವಿಡಿ ಮಾಡಿ ಮಾರುತ್ತಿದ್ದರು. ನಮ್ಮ ಅಳಿಯಂದಿರು ಆ ಕಾಲಕ್ಕೆ ಅಲ್ಲಿ ಎಂ.ಎಸ್. ಓದುತ್ತಿದ್ದರಂತೆ. ಕೊಂಡಿಟ್ಟಿದ್ದ ಡಿವಿಡಿಗಳು ಪೆಟ್ಟಿಗೆಯಲ್ಲಿ ಹಾಗೆಯೇ ಉಳಿದಿದ್ದವು. ಈಗ ಅವು ಮಗಳ ಪಾಲಿಗೆ ಬಂದಿವೆ.

ಮೊದಲ ದಿನದ ಪಂದ್ಯಗಳಲ್ಲಿ ಸಾರಾ ಡೆಲ್ ರೇ ಮತ್ತು ಮರ್ಸಿಡಿಸ್ ಮಾರ್ಟಿನೆಜ್ ಎಂಬಿಬ್ಬರು ಇಪ್ಪತ್ತು ನಿಮಿಷಗಳ ಅವಧಿ ಮುಗಿಯುವವರೆಗೆ ಕಾದಾಡಿ ಸಮ ಮಾಡಿಕೊಂಡರು. ಇಪ್ಪತ್ತು ನಿಮಿಷ ಎಂಬುದನ್ನು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಿ. ಏಕೆಂದರೆ ಅದೇ ಕಾಲದಲ್ಲಿ ಅಮೆರಿಕದ ಅತಿ ದೊಡ್ಡ ಕುಸ್ತಿ ಕಂಪನಿಯಾದ ಡಬ್ಲ್ಯೂಡಬ್ಲ್ಯೂಇ ತನ್ನ ಮಹಿಳೆಯರನ್ನು 'ದಿವಾ' ಎಂದು ಕರೆದು, ಎರಡು ಮೂರು ನಿಮಿಷಗಳ ಪಂದ್ಯ ಕೊಟ್ಟು, ಈಜುಡುಗೆಯ ಸ್ಪರ್ಧೆಗಳನ್ನೂ ಎದುರಾಳಿಯ ಉಡುಪು ಕಳಚುವ ಆಟಗಳನ್ನೂ ಆಡಿಸುತ್ತಿತ್ತು. ಪುರುಷರ ಎರಡು ದೊಡ್ಡ ಪಂದ್ಯಗಳ ನಡುವೆ ಪ್ರೇಕ್ಷಕರು ಎದ್ದುಹೋಗಿ ತಿಂಡಿ ತರುವ ಹೊತ್ತು ಅದು. 2008ರಲ್ಲಿ ಅವರಿಗೆಂದು ಮಾಡಿಸಿದ ಪ್ರಶಸ್ತಿಯ ಪಟ್ಟಿಯ ಮೇಲೆ ಚಿಟ್ಟೆಯ ಆಕಾರವಿತ್ತು. ಗಂಡಸಿನ ಸೊಂಟಕ್ಕೆ ಅಂಥ ಚಿಟ್ಟೆಯನ್ನು ಯಾರೂ ಕಟ್ಟಲಿಲ್ಲ.

ಈಗ ಮೊದಲ ಆಕ್ಷೇಪಕ್ಕೆ ಬರೋಣ: "ಅದು ನಾಟಕ." ಹೌದು, ಗೆಲುವು ಸೋಲು ಮೊದಲೇ ನಿಶ್ಚಯವಾಗಿರುತ್ತದೆ. ಇದನ್ನು ಯಾರೂ ಗುಟ್ಟಾಗಿ ಇಟ್ಟಿಲ್ಲ. ಆದರೆ ನನ್ನ ಶಿಷ್ಯನನ್ನು ನಾನು ಕೇಳುವುದು ಇಷ್ಟು: ಗದಾಯುದ್ಧ ಪ್ರಸಂಗಕ್ಕೆ ಹೋಗಿ ಬೆಳಗಿನವರೆಗೆ ಕುಳಿತವರಲ್ಲಿ ದುರ್ಯೋಧನನ ತೊಡೆ ಮುರಿಯುತ್ತದೆಂದು ತಿಳಿಯದವರು ಒಬ್ಬರಾದರೂ ಇದ್ದರೇ? ಮೊದಲೇ ಗೊತ್ತಿದ್ದ ಸೋಲನ್ನು ನೋಡಲು ಊರಿಗೆ ಊರೇ ಏಕೆ ಬಂದಿತ್ತು? ಸೋಲಬೇಕಾದವನು ಹೇಗೆ ಸೋತ, ಸೋಲುವ ಮುನ್ನ ಎಷ್ಟು ಎತ್ತರಕ್ಕೆ ಏರಿದ ಎಂಬುದನ್ನು ನೋಡಲು. ಆ ವೇಷಧಾರಿಯನ್ನು ನಾವು ಸುಳ್ಳುಗಾರನೆನ್ನುವುದಿಲ್ಲ; ಕಲಾವಿದನೆಂದು ಶಾಲು ಹೊದಿಸುತ್ತೇವೆ.

ಅಷ್ಟಕ್ಕೂ ನಿಶ್ಚಯವಾಗಿರುವುದು ಫಲಿತಾಂಶ ಮಾತ್ರ, ಬೀಳುವುದು ನಿಜವಾಗಿಯೇ. ಅವರ ಅಖಾಡದಲ್ಲಿ ನಮ್ಮ ಗರಡಿಯ ಹದಗೊಳಿಸಿದ ಕೆಮ್ಮಣ್ಣಿಲ್ಲ. ಉಕ್ಕಿನ ತೊಲೆಗಳ ಮೇಲೆ ಮರದ ಹಲಗೆ, ಅದರ ಮೇಲೆ ತೆಳುವಾದ ಫೋಮ್, ಮೇಲೊಂದು ಕ್ಯಾನ್ವಾಸ್, ಅಷ್ಟೇ. ಅಲ್ಲಿ ಕಲಿಯುವ ಮೊದಲ ಪಾಠವೇ ಬೀಳುವುದು. ಗದ್ದವನ್ನು ಎದೆಗೆ ಒತ್ತಿಕೊಂಡು, ಉಸಿರನ್ನು ಹೊರಗೆ ಬಿಟ್ಟು, ಬೆನ್ನು ಒಂದೇ ಸಲಕ್ಕೆ ಅಗಲವಾಗಿ ನೆಲ ಮುಟ್ಟುವಂತೆ ಬೀಳಬೇಕು. ತೋಳುಗಳಿಂದ ನೆಲಕ್ಕೆ ಬಡಿದು ಪೆಟ್ಟನ್ನು ಹಂಚಿಬಿಡಬೇಕು. ಗದ್ದ ಎತ್ತಿದರೆ ತಲೆಯ ಹಿಂಭಾಗ ಹಲಗೆಗೆ ಅಪ್ಪಳಿಸುತ್ತದೆ. ಇನ್ನು ಎದುರಾಳಿಯನ್ನು ಹೆಗಲ ಮೇಲೆತ್ತಿದ ಗಳಿಗೆಯಿಂದ ಅವಳ ಕುತ್ತಿಗೆಯ ಹೊಣೆ ಎತ್ತಿದವಳದು. ಶತ್ರುವಿನಂತೆ ಕಾಣುತ್ತ ಎದುರಿನವಳ ಪ್ರಾಣವನ್ನು ಕಾಯುವ ಈ ವಿದ್ಯೆಯನ್ನು 'ಬರೀ ನಾಟಕ' ಎಂದು ತಳ್ಳಿಹಾಕುವವರು ಒಮ್ಮೆ ಮನೆಯ ಜಗಲಿಯ ಮೇಲೆ ಬೆನ್ನು ಹಾಕಿ ಬಿದ್ದು ನೋಡಲಿ ಎನ್ನಬೇಕೆನಿಸುತ್ತದೆ. ಆದರೆ ನನ್ನ ಓದುಗರಲ್ಲಿ ಅರವತ್ತು ದಾಟಿದವರೂ ಇರುವುದರಿಂದ ಆ ಸಲಹೆಯನ್ನು ಹಿಂತೆಗೆದುಕೊಳ್ಳುತ್ತೇನೆ.

ಎಲ್ಲ ಎಚ್ಚರಿಕೆಯ ನಡುವೆಯೂ ಪೆಟ್ಟಾಗುತ್ತದೆ. ಐರ್ಲೆಂಡಿನ ಹುಡುಗಿಯೊಬ್ಬಳು ರೆಬೆಕಾ ನಾಕ್ಸ್ ಎಂಬ ಹೆಸರಿನಲ್ಲಿ 2006ರಲ್ಲಿ ಬರ್ವಿನ್‌ಗೆ ಬಂದು ಡೇಜಿ ಹೇಜ್ ಎಂಬುವಳೊಡನೆ ಸೊಗಸಾದ ಸರಣಿ ಪಂದ್ಯಗಳನ್ನಾಡಿದಳು. ಅದೇ ವರ್ಷ ಜರ್ಮನಿಯಲ್ಲಿ ನಡೆದ ಪಂದ್ಯವೊಂದರಲ್ಲಿ ತಲೆಗೆ ಪೆಟ್ಟಾಗಿ, ಎಷ್ಟೋ ವರ್ಷ ಕುಸ್ತಿಯಿಂದಲೇ ದೂರ ಉಳಿದಳು. ಆಕೆಯ ಮುಂದಿನ ಕಥೆಯನ್ನು ಆಮೇಲೆ ಹೇಳುತ್ತೇನೆ.

ಈಗ ಎರಡನೆಯ ಆಕ್ಷೇಪ, ಅಂದರೆ ಆ ಅರ್ಧ ವಾಕ್ಯ: "ಅದರಲ್ಲೂ ಹೆಂಗಸರದ್ದು." ನಾಟಕ ಎನ್ನುವುದು ಮುಂದಿಟ್ಟ ಕಾರಣ, ನಿಜವಾದ ಕಾರಣ ಈ ಎರಡು ಪದಗಳಲ್ಲಿದೆ. ನ್ಯೂಯಾರ್ಕ್ ರಾಜ್ಯ 1972ರವರೆಗೂ ಮಹಿಳೆಯರ ಕುಸ್ತಿಗೆ ಅನುಮತಿಯನ್ನೇ ಕೊಟ್ಟಿರಲಿಲ್ಲ. ಅದೇ 'ನಾಟಕ'ವನ್ನು ಗಂಡಸರು ಆಡಲು ಅಡ್ಡಿಯಿರಲಿಲ್ಲ.

ನಮ್ಮ ದೇಶದ ಕಥೆಯೂ ಬೇರೆಯಲ್ಲ. ಮಿರ್ಜಾಪುರದಲ್ಲಿ ಹುಟ್ಟಿ ಅಲಿಗಢದಲ್ಲಿ ಪಳಗಿದ ಹಮೀದಾ ಬಾನು 1954ರಲ್ಲಿ, ತನ್ನನ್ನು ಕುಸ್ತಿಯಲ್ಲಿ ಸೋಲಿಸಿದವನನ್ನು ಮದುವೆಯಾಗುವುದಾಗಿ ಸವಾಲು ಹಾಕಿದಳು. ಆ ವರ್ಷ ವಡೋದರೆಯಲ್ಲಿ ಬಾಬಾ ಪಹಲ್ವಾನನನ್ನು ಅವಳು ಒಂದು ನಿಮಿಷ ಮೂವತ್ತನಾಲ್ಕು ಸೆಕೆಂಡಿನಲ್ಲಿ ಕೆಡವಿದಳು. ಅವಳ ಪಂದ್ಯಗಳಿಗೆ ಅಡ್ಡಿಯಾದಾಗ ಅವಳು ಮುಂಬಯಿ ಪ್ರಾಂತದ ಮುಖ್ಯಮಂತ್ರಿಯಾಗಿದ್ದ ಮೊರಾರ್ಜಿ ದೇಸಾಯಿಯವರಿಗೆ ದೂರು ಕೊಟ್ಟಳು. ಹೆಂಗಸೆಂಬ ಕಾರಣಕ್ಕೆ ನಿಲ್ಲಿಸಿಲ್ಲ, ಅವಳೆದುರು ನಕಲಿ ಪಹಲ್ವಾನರನ್ನು ನಿಲ್ಲಿಸುತ್ತಿದ್ದಾರೆಂಬ ದೂರುಗಳಿವೆ ಎಂಬ ಉತ್ತರ ಬಂತು. ಗಮನಿಸಿ: ಗಂಡಸನ್ನು ಗೆದ್ದ ಹೆಂಗಸಿಗೆ ಅಂಟಿಸಲು ಆಗಲೂ ಸಿದ್ಧವಾಗಿದ್ದ ಚೀಟಿ 'ನಾಟಕ' ಎಂಬುದೇ. ಅವಳು ಮರೆವಿಗೆ ಸಂದು ದಶಕಗಳಾದ ಮೇಲೆ, 2024ರ ಮೇ 4ರಂದು, ಗೂಗಲ್ ತನ್ನ ಮುಖಪುಟದಲ್ಲಿ ಅವಳ ಚಿತ್ರ ಹಾಕಿತು. ಅಂದು ಅವಳು ಯಾರೆಂದು ನನಗೂ ತಿಳಿದಿರಲಿಲ್ಲವೆಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

"ಹಾಗಾದರೆ ಸಾಕ್ಷಿ ಮಲಿಕ್ ಇಲ್ಲವೇ? ಅದು ನಿಜವಾದ ಕುಸ್ತಿ, ಅವಳನ್ನು ನಾವು ಗೌರವಿಸುತ್ತೇವೆ" ಎನ್ನಬಹುದು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಕಂಚು ತಂದಾಗ ಗೌರವಿಸಿದ್ದು ನಿಜ. ಅದೇ ಸಾಕ್ಷಿ 2023ರ ಮೇ ತಿಂಗಳಲ್ಲಿ ನ್ಯಾಯ ಕೇಳಿ ದೆಹಲಿಯ ಬೀದಿಯಲ್ಲಿ ಕುಳಿತಾಗ ಪೊಲೀಸರು ಎಳೆದೊಯ್ದರು. ಆ ಡಿಸೆಂಬರಿನಲ್ಲಿ ಆಕೆ ತನ್ನ ಕುಸ್ತಿಯ ಬೂಟುಗಳನ್ನು ಮೇಜಿನ ಮೇಲಿಟ್ಟು ಕಣ್ಣೀರಿಡುತ್ತ ಹೊರಟಳು. ಆಗಲೂ ನಮ್ಮವರಲ್ಲಿ ಹಲವರು ಆಡಿದ ಮಾತು ಯಾವುದು? "ಅದೆಲ್ಲ ನಾಟಕ." ಕುಸ್ತಿ ನಿಜವಾದರೂ ನಾಟಕ, ದುಃಖ ನಿಜವಾದರೂ ನಾಟಕ! ಇಂಥ ಪದವನ್ನು ನಾನು ಪ್ರಮಾಣವೆಂದು ಒಪ್ಪಲಾರೆ.

ಮೂರನೆಯದಾಗಿ, ನನ್ನ ಪಕ್ಷದವರೆಂದೇ ಹೇಳಿಕೊಳ್ಳುವವರೊಡನೆಯೂ ನನಗೊಂದು ಜಗಳವಿದೆ. "ಈಗ ದೊಡ್ಡ ಕಂಪನಿಯೇ ಮಹಿಳೆಯರನ್ನು ಮೇಲೆತ್ತಿದೆಯಲ್ಲ" ಎಂದು ಇವರು ಬೀಗುತ್ತಾರೆ. ಎತ್ತಿದವರು ಯಾರು? 2015ರ ಫೆಬ್ರವರಿಯಲ್ಲಿ ಆ ಕಂಪನಿಯ ಟಿವಿ ಕಾರ್ಯಕ್ರಮದಲ್ಲಿ ನಾಲ್ವರು ಮಹಿಳೆಯರ ಪಂದ್ಯ ಸುಮಾರು ಮೂವತ್ತು ಸೆಕೆಂಡಿನಲ್ಲಿ ಮುಗಿಯಿತು. ಆ ನಾಲ್ವರಲ್ಲಿ ಒಬ್ಬಳಾದ ಪೇಜ್, 2011ರಲ್ಲಿ ಬ್ರಿಟಾನಿ ನೈಟ್ ಎಂಬ ಹೆಸರಿನಲ್ಲಿ ತಾಯಿಯ ಜೊತೆಗೂಡಿ ಇದೇ ಶಿಮ್ಮರ್‌ನಲ್ಲಿ ಆಡಿದ್ದವಳು. ಸಣ್ಣ ಸಭಾಂಗಣ ಕೊಟ್ಟ ಸಮಯವನ್ನು ದೊಡ್ಡ ಕಂಪನಿ ಕೊಡಲಾರದೆ ಹೋಯಿತು. ಅಂದು ಪ್ರೇಕ್ಷಕರೇ ಸಿಟ್ಟೆದ್ದು, ಇವರಿಗೆ ಅವಕಾಶ ಕೊಡಿ ಎಂದು ಅಂತರ್ಜಾಲದ ತುಂಬ ಕೂಗೆಬ್ಬಿಸಿದರು. 2016ರ ಏಪ್ರಿಲ್‌ನಲ್ಲಿ 'ದಿವಾ' ಎಂಬ ಹೆಸರೂ ಚಿಟ್ಟೆಯ ಪಟ್ಟಿಯೂ ಹೋದವು. 2019ರ ಏಪ್ರಿಲ್ 7ರಂದು ಆ ಕಂಪನಿಯ ವರ್ಷದ ಅತಿ ದೊಡ್ಡ ಪ್ರದರ್ಶನದ ಕೊನೆಯ, ಅಂದರೆ ಮುಖ್ಯ ಪಂದ್ಯವನ್ನು ಮೊದಲ ಬಾರಿಗೆ ಮಹಿಳೆಯರು ಆಡಿದರು. ಗೆದ್ದವಳು ಬೆಕಿ ಲಿಂಚ್. ಅವಳು ಬೇರೆ ಯಾರೂ ಅಲ್ಲ, ತಲೆಗೆ ಪೆಟ್ಟು ತಿಂದು ಮನೆಗೆ ಹೋಗಿದ್ದ ಅದೇ ರೆಬೆಕಾ ನಾಕ್ಸ್.

ಮತ್ತು ಸಾರಾ ಡೆಲ್ ರೇ? ಮೊದಲ ದಿನ ಇಪ್ಪತ್ತು ನಿಮಿಷ ಕಾದಾಡಿದ್ದ ಆಕೆ, 2007ರಲ್ಲಿ ಹದಿನಾರು ಮಂದಿಯ ಪಂದ್ಯಾವಳಿಯನ್ನು ಗೆದ್ದು ಶಿಮ್ಮರ್‌ನ ಮೊದಲ ಚಾಂಪಿಯನ್ ಆದಳು. 2012ರಲ್ಲಿ ಡಬ್ಲ್ಯೂಡಬ್ಲ್ಯೂಇ ಅವಳನ್ನು ಕರೆಸಿಕೊಂಡಿತು. ತಾರೆಯಾಗಿ ಮೆರೆಸಲು ಕರೆಯಲಿಲ್ಲ. ಹೊಸಬರಿಗೆ ಕಲಿಸಲು ಕರೆಯಿತು. ಮುಂದೆ ಪರದೆಯ ಮೇಲೆ ಮಿಂಚಿದ ಹುಡುಗಿಯರು ಬಿದ್ದು ಏಳುವುದನ್ನು ಕಲಿತದ್ದು ಅವಳ ಕೈಕೆಳಗೆ. ಮೇಷ್ಟ್ರಾದವನಿಗೆ ಈ ಸಂಗತಿ ಎಷ್ಟು ಮುಟ್ಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಕಲಿಸಿದವರ ಹೆಸರು ಫಲಕದ ಮೇಲೆ ಬರುವುದಿಲ್ಲ.

ಹಾಗೆಂದು ಆ ಸಣ್ಣ ಸಭಾಂಗಣಗಳನ್ನು ನಾನು ಸ್ವರ್ಗವೆಂದು ಹೊಗಳುತ್ತಿಲ್ಲ. ಸ್ವತಂತ್ರ ಪ್ರದರ್ಶನಗಳಲ್ಲಿ ಆಡುವವರಿಗೆ ಸಂಬಳದ ನೌಕರಿಯಿಲ್ಲ, ನಿವೃತ್ತಿ ವೇತನವಿಲ್ಲ. ಮೂಳೆ ಮುರಿದರೆ ಆಸ್ಪತ್ರೆಯ ಬಿಲ್ಲು ಬಹುಪಾಲು ಅವರದೇ. ವಾರವೆಲ್ಲ ಬೇರೆ ಕೆಲಸ, ವಾರಾಂತ್ಯದಲ್ಲಿ ದೂರದೂರಿನ ಅಖಾಡ. ಹೆಂಗಸರನ್ನು ಹೆಂಗಸರೇ ಸುಲಿದ ಆರೋಪವೂ ಈ ವೃತ್ತಿಯ ಚರಿತ್ರೆಯಲ್ಲಿದೆ: ಹಿಂದಿನ ತಲೆಮಾರಿನ ಹೆಸರಾಂತ ಕುಸ್ತಿಗಾರ್ತಿ ಮೂಲಾ ತನ್ನ ಶಿಷ್ಯೆಯರ ಗಳಿಕೆಯಲ್ಲಿ ದೊಡ್ಡ ಪಾಲನ್ನು ತಾನೇ ಇಟ್ಟುಕೊಳ್ಳುತ್ತಿದ್ದಳೆಂಬ ದೂರುಗಳಿಂದಾಗಿ, 2018ರಲ್ಲಿ ಒಂದು ಪಂದ್ಯಕ್ಕೆ ಇಟ್ಟಿದ್ದ ಅವಳ ಹೆಸರನ್ನು ಕೈಬಿಡಬೇಕಾಯಿತು. ಈ ಹೆಣ್ಣುಮಕ್ಕಳಿಗೆ ಸಿಗಬೇಕಾದ ಕೂಲಿ, ಚಿಕಿತ್ಸೆ, ಭದ್ರತೆಗಳ ಪ್ರಶ್ನೆ ಏಳದಿರುವುದಕ್ಕೆ ಒಂದು ಕಾರಣ ನಮ್ಮ ನಗುವೇ. ಯಾವ ಕೆಲಸವನ್ನು ಕೆಲಸವೆಂದೇ ನಾವು ಒಪ್ಪುವುದಿಲ್ಲವೋ ಅದಕ್ಕೆ ತಕ್ಕ ಕೂಲಿ ಕೇಳುವವರು ಯಾರು?

ಇನ್ನು ಒಂದು ತಪ್ಪೊಪ್ಪಿಗೆ ಉಳಿದಿದೆ. ಅದನ್ನು ಬಿಟ್ಟು ಈ ಲೇಖನ ಮುಗಿಸಿದರೆ ನಾನು ಕಪಟಿಯಾಗುತ್ತೇನೆ.

ಮೂವತ್ತು ವರ್ಷಗಳಿಗೂ ಹಿಂದೆ, ನನ್ನ ಒಂಬತ್ತನೆಯ ತರಗತಿಯಲ್ಲಿ ಗರಡಿ ಮನೆತನದ ಹುಡುಗಿಯೊಬ್ಬಳಿದ್ದಳು. ಶಾಲಾ ವಾರ್ಷಿಕೋತ್ಸವಕ್ಕೆ ಹೆಸರು ಬರೆಸಲು ಬಂದಾಗ, "ಸಾರ್, ನಾನೂ ನನ್ನ ತಂಗಿಯೂ ಕುಸ್ತಿಯ ಪಟ್ಟು ತೋರಿಸುತ್ತೇವೆ. ಅಪ್ಪ ಕಲಿಸಿದ್ದಾರೆ" ಎಂದಳು. ಸ್ಟಾಫ್ ರೂಮಿನಲ್ಲಿದ್ದವರೆಲ್ಲ ನಕ್ಕರು; ನಾನೂ ನಕ್ಕೆ. "ಹೆಣ್ಣುಮಕ್ಕಳಿಗೆ ಅದು ಶೋಭಿಸುವುದಿಲ್ಲಮ್ಮ, ಕೋಲಾಟಕ್ಕೆ ಸೇರಿಕೋ" ಎಂದು ಅವಳ ಹೆಸರನ್ನು ನನ್ನ ಕೈಯಾರೆ ಕೋಲಾಟದ ಪಟ್ಟಿಯಲ್ಲಿ ಬರೆದೆ. ಅವಳು ಎದುರಾಡಲಿಲ್ಲ. ವಾರ್ಷಿಕೋತ್ಸವದ ದಿನ ಸಾಲಿನ ಕೊನೆಯಲ್ಲಿ ನಿಂತು ತಾಳ ತಪ್ಪದೆ ಕೋಲು ಹೊಡೆದಳು. ಮುಖದಲ್ಲಿ ಮಾತ್ರ ನಗುವಿರಲಿಲ್ಲ. ಅಂದು ನನಗೆ ಅದು ಶಿಸ್ತೆಂದು ತೋರಿತ್ತು.

ಮಗಳ ಮನೆಯಲ್ಲಿ ಒಂದು ಸಂಜೆ ಮೊಮ್ಮಗಳು ಡಿವಿಡಿಯನ್ನು ನಡುವೆ ನಿಲ್ಲಿಸಿ, "ಅಜ್ಜ, ನಿಮ್ಮ ಸ್ಕೂಲಲ್ಲಿ ಹುಡುಗಿಯರಿಗೆ ಕುಸ್ತಿ ಇತ್ತಾ?" ಎಂದು ಕೇಳಿದಳು. "ಇರಲಿಲ್ಲ" ಎಂದೆ. "ಯಾರೂ ಕೇಳಲಿಲ್ಲವಾ?" ಎಂದಳು. ನಾನು ಉತ್ತರ ಕೊಡಲಿಲ್ಲ.

ಆ ಉತ್ತರವನ್ನು ಇಂದು ಇಲ್ಲಿ ಬರೆದಿದ್ದೇನೆ. ಒಬ್ಬಳು ಕೇಳಿದ್ದಳು. ಬೇಡವೆಂದವನು ನಾನು. ಆ ವಿದ್ಯಾರ್ಥಿನಿ ಎಲ್ಲಿದ್ದಾಳೋ ತಿಳಿಯದು. ಅವಳ ಸಹಪಾಠಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಮೇಷ್ಟ್ರು ಕ್ಷಮೆ ಕೇಳಿದರೆಂದು ದಯವಿಟ್ಟು ಅವಳಿಗೆ ತಿಳಿಸಿ.

ಇನ್ನು ಯುಗಾದಿಗೆ ಬಂದಿದ್ದ ನನ್ನ ಪ್ರಿಯ ಶಿಷ್ಯನೇ, ನಿನಗೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ನೀನು ಬಿಟ್ಟುಹೋದ ವಾಕ್ಯವನ್ನು ಅವರ ಎದುರು ಕುಳಿತು ಪೂರ್ಣಗೊಳಿಸು. ಅವರ ಮುಖ ನೋಡಿಕೊಂಡು ಹೇಳಲಾಗದಿದ್ದರೆ, ಆ ಮಾತನ್ನು ಆಡುವುದನ್ನೇ ಬಿಟ್ಟುಬಿಡು. ಮುಂದಿನ ಹಬ್ಬಕ್ಕೆ ತಪ್ಪದೆ ಬಾ. ಅಳಿಯಂದಿರು ಕೊಟ್ಟ ಒಂದು ಡಿವಿಡಿ ನನ್ನ ಬಳಿ ಇದೆ, ಜೊತೆಗೆ ಕುಳಿತು ನೋಡೋಣ.